ಅದು ಜಿಪ್ಸಿ ಮಾತ್ ಅಲ್ಲ, ಟೈಗರ್ ಮಾತ್

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಹೋದ ಭಾನುವಾರ ನಿಮ್ಮ ಪುರವಣಿಯಲ್ಲಿ ಆಸ್ಪಿ ಎಂಜಿನಿಯರ್ ಅವರ ಬಗ್ಗೆ ಬಂದ ಲೇಖನವನ್ನು ಎರಡು ಸಲ ಓದಿದೆ. ಒಂದು ಸಲ ನನಗಾಗಿ, ಇನ್ನೊಂದು ಸಲ ನಮ್ಮ ಶೆಡ್ಡಿನಲ್ಲಿ ಹೊಲಿಯುವ ಹುಡುಗರಿಗಾಗಿ, ಗಟ್ಟಿಯಾಗಿ. ಹದಿನೇಳು ವರ್ಷದ ಹುಡುಗ 1930ರಲ್ಲಿ ಇಂಗ್ಲೆಂಡಿನಿಂದ ಕರಾಚಿಗೆ ಒಬ್ಬನೇ ವಿಮಾನ ಹಾರಿಸಿಕೊಂಡು ಬಂದು, ಇಂಗ್ಲೆಂಡ್–ಭಾರತದ ನಡುವೆ ಹಾಗೆ ಹಾರುವ ಮೊದಲ ಭಾರತೀಯನಿಗೆಂದು ಇಟ್ಟಿದ್ದ ಆಗಾಖಾನ್ ಬಹುಮಾನ ಗೆದ್ದ ಕಥೆ ಕೇಳುತ್ತ ಹುಡುಗರು ಮಷಿನ್ ನಿಲ್ಲಿಸಿ ಕುಳಿತಿದ್ದರು. ಅದೇ ಬಹುಮಾನಕ್ಕೆ ಎದುರು ದಿಕ್ಕಿನಿಂದ ಹೊರಟಿದ್ದ ಜೆ.ಆರ್.ಡಿ. ಟಾಟಾ ಈಜಿಪ್ಟಿನ ಅಬುಕಿರ್‌ನಲ್ಲಿ ಎದುರಾಗಿ, ಪ್ಲಗ್ ಕೆಟ್ಟು ನಿಂತಿದ್ದ ಈ ಹುಡುಗನಿಗೆ ತಮ್ಮಲ್ಲಿದ್ದ ಸ್ಪಾರ್ಕ್ ಪ್ಲಗ್ ಕೊಟ್ಟರು ಎನ್ನುವಲ್ಲಿಗೆ ಬಂದಾಗ ನನ್ನ ಗಂಟಲೇ ಕಟ್ಟಿತು. ಪಂದ್ಯದಲ್ಲಿ ಎದುರಾಳಿಗೆ ಹಾಗೆ ಕೊಡುವವರು ಎಷ್ಟು ಜನ? ಆ ಹುಡುಗ ಮುಂದೆ 1960ರಲ್ಲಿ ಭಾರತೀಯ ವಾಯುಪಡೆಯ ಮುಖ್ಯಸ್ಥರಾದರು ಎಂಬುದನ್ನೂ ಬರೆದಿದ್ದೀರಿ. ಬರವಣಿಗೆಗೆ ನನ್ನ ತಕರಾರಿಲ್ಲ.

ತಕರಾರು ಚಿತ್ರದ್ದು. ಅದರ ಕೆಳಗೆ ‘ಆಸ್ಪಿ ಹಾರಿಸಿದ ಜಿಪ್ಸಿ ಮಾತ್ ಮಾದರಿಯ ವಿಮಾನ’ ಎಂದು ಅಚ್ಚಾಗಿದೆ. ಚಿತ್ರದಲ್ಲಿರುವುದು ಟೈಗರ್ ಮಾತ್. ಟೈಗರ್ ಮಾತ್ ಮೊದಲ ಸಲ ನೆಲ ಬಿಟ್ಟು ಎದ್ದದ್ದೇ 1931ರ ಅಕ್ಟೋಬರ್ 26ರಂದು. ಆಸ್ಪಿ ಕರಾಚಿಯಲ್ಲಿ ಇಳಿದು ಆಗಲೇ ವರ್ಷದ ಮೇಲಾಗಿತ್ತು. ಇನ್ನೂ ಹುಟ್ಟದ ವಿಮಾನದಲ್ಲಿ ಅವರನ್ನು ಕೂರಿಸಿದ್ದೀರಿ.

ಎರಡೂ ಮೇಲೊಂದು ಕೆಳಗೊಂದು ರೆಕ್ಕೆಯ ಬೈಪ್ಲೇನ್, ಎರಡನ್ನೂ ಮಾಡಿದ್ದು ಡಿ ಹ್ಯಾವಿಲ್ಯಾಂಡ್ ಕಂಪನಿ, ಎರಡಕ್ಕೂ ಪತಂಗದ ಹೆಸರು. ಇಷ್ಟು ಸಣ್ಣ ವ್ಯತ್ಯಾಸ ಯಾರ ಕಣ್ಣಿಗೆ ಬೀಳುತ್ತದೆ ಎಂದು ನೀವು ಕೇಳಬಹುದು. ನನ್ನ ಕಣ್ಣಿಗೆ ಬಿತ್ತು. ಎಂಟು ತಿಂಗಳಿಂದ ಟೈಗರ್ ಮಾತ್‌ನ ಪುಟ್ಟ ಪ್ಲಾಸ್ಟಿಕ್ ಮಾದರಿಯೊಂದನ್ನು ಬಿಚ್ಚಿ ಜಿಪ್ಸಿ ಮಾತ್ ಆಗಿ ಮಾಡುತ್ತ ಕುಳಿತಿದ್ದೇನೆ.

ನಾನು ಬಳ್ಳಾರಿಯ ಕೌಲ್‌ಬಜಾರಿನಲ್ಲಿ ಜೀನ್ಸ್ ಕಟಿಂಗ್ ಮಾಸ್ಟರ್. ಇಪ್ಪತ್ತಾರು ವರ್ಷದಿಂದ ಡೆನಿಮ್ ಕತ್ತರಿಸುತ್ತಿದ್ದೇನೆ. ಹಳೆಯ ಕಾಲದ ವಿಮಾನದ ರೆಕ್ಕೆ ಕಟ್ಟಿಗೆಯ ಚೌಕಟ್ಟಿನ ಮೇಲೆ ಬಟ್ಟೆ ಹೊದಿಸಿ ಹೊಲಿದದ್ದು ಎಂದು ಮೊದಲ ಬಾರಿ ಓದಿದಾಗಿನಿಂದ ಇದರ ಹುಚ್ಚು ಹಿಡಿದಿದೆ. ಲಿನನ್ ಬಟ್ಟೆಯನ್ನು ಬಿಗಿದು, ಮೇಣ ಹಚ್ಚಿದ ದಾರವನ್ನು ಉದ್ದ ಸೂಜಿಯಲ್ಲಿ ಮೇಲಿನಿಂದ ಕೆಳಕ್ಕೆ ಹಾಯಿಸಿ, ರೆಕ್ಕೆಯ ಒಂದೊಂದು ಪಕ್ಕೆಲುಬಿಗೂ ಗಂಟು ಹಾಕಿ ಹೊಲಿಯುತ್ತಿದ್ದರು. ಆಮೇಲೆ ಡೋಪ್ ಎಂಬ ದ್ರಾವಣ ಬಳಿದರೆ ಬಟ್ಟೆ ತಮಟೆಯ ಚರ್ಮದಂತೆ ಬಿಗಿಯುತ್ತಿತ್ತು. ಅಂಥ ರೆಕ್ಕೆಯನ್ನು ನಂಬಿ ಜನ ಮರುಭೂಮಿ ದಾಟಿದ್ದಾರೆ. ಹೊಲಿಯುವ ಕೈಗೆ ಇದಕ್ಕಿಂತ ದೊಡ್ಡ ಮರ್ಯಾದೆ ನಾನು ಕಂಡಿಲ್ಲ.

ಬೆಂಗಳೂರಿನಿಂದ ಭಾವಮೈದುನ ತಂದುಕೊಟ್ಟ ಕಿಟ್, ಅಂದರೆ ಬಿಡಿಭಾಗ ಅಂಟಿಸಿ ಕಟ್ಟುವ ಮಾದರಿ, ಏರ್‌ಫಿಕ್ಸ್ ಕಂಪನಿಯ ಟೈಗರ್ ಮಾತ್. ಅಳತೆ 1/72, ಅಂದರೆ ನಿಜವಾದ ವಿಮಾನದ ಎಪ್ಪತ್ತೆರಡು ಅಡಿ ಇಲ್ಲಿ ಒಂದು ಅಡಿ. ನನಗೆ ಬೇಕಾಗಿದ್ದು ಆಸ್ಪಿಯ ಕಾಲದ ಜಿಪ್ಸಿ ಮಾತ್. ಇದು ನನಗೆ ಹೊಸ ವಿಚಾರವೇನಲ್ಲ. ಮೂವತ್ತೆಂಟರ ಸೊಂಟದ ಪ್ಯಾಂಟು ಕೊಟ್ಟು ಮೂವತ್ತಾರಕ್ಕೆ ಮಾಡಿಕೊಡಿ ಅನ್ನುವ ಗಿರಾಕಿ ದಿನಾ ಬರುತ್ತಾನೆ. ಎಲ್ಲಿ ಬಿಚ್ಚಬೇಕು, ಎಲ್ಲಿ ಮುಟ್ಟಬಾರದು ಎಂದು ಮೊದಲು ನೋಡಿಕೊಳ್ಳಬೇಕು, ಅಷ್ಟೇ.

ಮೊದಲು ಟೇಪು ಹಿಡಿದೆ. ವಿಮಾನದ ಉದ್ದ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ರೆಕ್ಕೆಯ ತುದಿಯಿಂದ ತುದಿಗೆ ಟೈಗರ್ ಮಾತ್ 29 ಅಡಿ 4 ಇಂಚು, ಜಿಪ್ಸಿ ಮಾತ್ 30 ಅಡಿ. ಎಪ್ಪತ್ತೆರಡರಿಂದ ಭಾಗಿಸಿದರೆ 124 ಮಿಲಿಮೀಟರ್ ಮತ್ತು 127 ಮಿಲಿಮೀಟರ್. ಮೂರು ಮಿಲಿಮೀಟರ್ ಹೆಚ್ಚಿಸಬೇಕು, ಬಲಕ್ಕೆ ಒಂದೂವರೆ, ಎಡಕ್ಕೆ ಒಂದೂವರೆ. ಇಷ್ಟು ಸುಲಭ ಎಂದುಕೊಂಡೆ. ಆದರೆ ವ್ಯತ್ಯಾಸ ಇರುವುದು ಉದ್ದದಲ್ಲಲ್ಲ, ಮೂಗಿನಲ್ಲಿ.

ಸಂಪಾದಕರೇ, ಇನ್ನು ಮುಂದೆ ಇಂಥ ಚಿತ್ರ ನಿಮ್ಮ ಮೇಜಿಗೆ ಬಂದರೆ ಮೊದಲು ಮೂಗು ನೋಡಿ. ಜಿಪ್ಸಿ ಮಾತ್‌ನ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರುಗಳು ಸಾಲಾಗಿ ಮೇಲಕ್ಕೆ ಎದ್ದು ನಿಂತಿರುತ್ತವೆ, ಅವುಗಳ ತಲೆ ಮುಚ್ಚಳದಿಂದ ಹೊರಗೇ ಕಾಣುತ್ತದೆ. 100 ಅಶ್ವಶಕ್ತಿಯ ಆ ಎಂಜಿನ್ನಿಗೂ ಜಿಪ್ಸಿ ಎಂದೇ ಹೆಸರು, ಫ್ರಾಂಕ್ ಹಾಲ್‌ಫರ್ಡ್ ಎಂಬ ಎಂಜಿನಿಯರ್ ರೂಪಿಸಿದ್ದು. ಗಾಳಿಯಿಂದಲೇ ತಣ್ಣಗಾಗುವಂಥದು, ಅದಕ್ಕೇ ಸಿಲಿಂಡರಿಗೆ ಆ ತೆರೆದ ಮೈ. ತೊಂದರೆ ಏನೆಂದರೆ ಹಿಂದೆ ಕುಳಿತ ಪೈಲಟ್ಟಿನ ಕಣ್ಣೆದುರಿಗೇ ಈ ಸಾಲು ಅಡ್ಡ ಬರುತ್ತಿತ್ತು. ಆದ್ದರಿಂದ ಮುಂದಿನ ಎಂಜಿನ್ನನ್ನು ತಲೆಕೆಳಗಾಗಿ ಜೋತುಹಾಕಿದರು. ಸಿಲಿಂಡರು ಕೆಳಗೆ, ಪ್ರೊಪೆಲ್ಲರಿನ ದಂಡ ಮೇಲೆ. ಟೈಗರ್ ಮಾತ್‌ನಲ್ಲಿ ಇರುವುದು ಆ ತಲೆಕೆಳಗಿನ ಎಂಜಿನ್, ಮೊದಲು 120, ನಂತರ 130 ಅಶ್ವಶಕ್ತಿಯದು. ಅದರ ಮೂಗು ಪೈಲಟ್ಟಿನ ಎದುರು ಇಳಿಜಾರಾಗಿ, ನುಣ್ಣಗೆ ಇರುತ್ತದೆ. ನೀವು ಅಚ್ಚು ಹಾಕಿದ ಚಿತ್ರದಲ್ಲಿ ಇರುವುದು ಅದೇ ಮೂಗು. ಜೆ.ಆರ್.ಡಿ. ಕೊಟ್ಟ ಪ್ಲಗ್ ಹೋಗಿ ಕೂತದ್ದು ಎದ್ದು ನಿಂತ ಸಿಲಿಂಡರುಗಳಲ್ಲಿ. ನಿಮ್ಮ ಕಥೆಯ ಎದೆಯಂತಿರುವ ಆ ಪ್ಲಗ್ಗಿಗೆ ನಿಮ್ಮ ಚಿತ್ರದಲ್ಲಿ ಜಾಗವೇ ಇಲ್ಲ. ಈ ಪತ್ರ ಬರೆಯಲು ಕೂತದ್ದು ಇದಕ್ಕೇ.

ಆ ಮೂಗನ್ನು ನಾನು ಎರಡು ಸಲ ಮಾಡಬೇಕಾಯಿತು. ಆಕ್ಸಾ ಬ್ಲೇಡಿನಿಂದ ಕಿಟ್ಟಿನ ಮೂಗು ಕತ್ತರಿಸಿ ತೆಗೆದೆ. ಹಳೆಯ ಸಿ.ಡಿ. ಡಬ್ಬಿಯ ಪ್ಲಾಸ್ಟಿಕ್ಕೂ ಕಿಟ್ಟಿನ ಪ್ಲಾಸ್ಟಿಕ್ಕೂ ಒಂದೇ ಜಾತಿ, ಪಾಲಿಸ್ಟೈರೀನ್, ಒಂದೇ ಅಂಟಿಗೆ ಕಚ್ಚುತ್ತವೆ. ಅದನ್ನು ಕೊಯ್ದು ಹೊಸ ಮೂಗಿನ ಪೆಟ್ಟಿಗೆ ಕಟ್ಟಿದೆ. ನಿಜವಾದ ಸಿಲಿಂಡರಿನ ಒಳವ್ಯಾಸ 114 ಮಿಲಿಮೀಟರ್, ನನ್ನ ಅಳತೆಗೆ ಒಂದೂವರೆಗಿಂತ ಚೂರು ಹೆಚ್ಚು. ಬಿಡಿಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಕಡ್ಡಿಯನ್ನು ಆ ದಪ್ಪಕ್ಕೆ ತೀಡಿ, ಮೇಲೆ ಓವರ್‌ಲಾಕ್ ಮಷಿನ್ನಿನ ಸಣ್ಣ ದಾರವನ್ನು ಒತ್ತೊತ್ತಾಗಿ ಸುತ್ತಿ ಫೆವಿಕ್ವಿಕ್ ಕುಡಿಸಿದೆ. ಒಣಗಿದ ಮೇಲೆ ಸಿಲಿಂಡರಿನ ಸುತ್ತಲಿನ ಬಳೆಯಂಥ ಏಣುಗಳು ಹಾಗೇ ಮೂಡಿದ್ದವು. ಬಹಳ ಸಂತೋಷವಾಯಿತು. ಪ್ರೊಪೆಲ್ಲರ್ ಹಚ್ಚಿ ಮಗಳಿಗೆ ತೋರಿಸಿದೆ. ಹತ್ತನೇ ಕ್ಲಾಸಿನವಳು. ಒಂದು ನಿಮಿಷ ತಿರುಗಿಸಿ ನೋಡಿ, “ಅಪ್ಪಾ, ಎಂಜಿನ್ ಮ್ಯಾಲಕ್ಕ ಎದ್ದೈತಿ ಅಂತೀಯ, ಫ್ಯಾನು ಮಾತ್ರ ಅದರ ನೆತ್ತಿ ಮ್ಯಾಲೆ ಕುಂತೈತಲ್ಲ?” ಅಂದಳು. ಸಿಲಿಂಡರು ಮೇಲಕ್ಕೆ ಹೋದರೆ ಪ್ರೊಪೆಲ್ಲರಿನ ದಂಡ ಕೆಳಕ್ಕೆ ಇಳಿಯಬೇಕು. ನಾನು ಟೈಗರ್ ಮಾತ್‌ನ ದಂಡವನ್ನು ಇದ್ದಲ್ಲೇ ಬಿಟ್ಟು ಸಿಲಿಂಡರು ಮಾತ್ರ ಮೇಲೆ ಕೂರಿಸಿದ್ದೆ. ಮೂರು ವಾರದ ಕೆಲಸ ಕತ್ತರಿಸಿ ತೆಗೆದೆ. ಎರಡನೆಯ ಮೂಗು ಸರಿಯಾಗಿದೆ. ಅದರ ಅರ್ಧ ಶ್ರೇಯ ಅವಳದು.

ರೆಕ್ಕೆಯ ಕಥೆ ಬೇರೆ. ಜಿಪ್ಸಿ ಮಾತ್‌ನಲ್ಲಿ ಮುಂದಿನ ಸೀಟಿನ ನೇರ ನೆತ್ತಿಯ ಮೇಲೆ ಮೇಲ್ರೆಕ್ಕೆಯ ನಡುಭಾಗ, ಅದರಲ್ಲೇ ಪೆಟ್ರೋಲ್ ಟ್ಯಾಂಕು, ಸುತ್ತ ನಾಲ್ಕು ಕಂಬ. ಪ್ಯಾರಾಚೂಟ್ ಕಟ್ಟಿಕೊಂಡವನು ಅಪಾಯದಲ್ಲಿ ಅಲ್ಲಿಂದ ಹೊರಬೀಳುವುದು ಕಷ್ಟ. ಬ್ರಿಟಿಷ್ ವಾಯುಪಡೆಗೆ ತರಬೇತಿ ವಿಮಾನ ಬೇಕಾದಾಗ, ಮುಂದಿನ ಸೀಟಿನಲ್ಲಿ ಕೂರುವ ಶಿಕ್ಷಕನಿಗೆ ದಾರಿ ಬಿಡಲು ಆ ನಡುಭಾಗವನ್ನು ಮುಂದಕ್ಕೆ ಸರಿಸಿದರು. ಸರಿಸಿದ್ದೇ ತಡ, ವಿಮಾನದ ತೂಕದ ಸಮತೋಲ ತಪ್ಪಿತು. ಅದನ್ನು ಸರಿದೂಗಿಸಲು ಎರಡೂ ಕಡೆಯ ರೆಕ್ಕೆಗಳನ್ನು ಹಿಂದಕ್ಕೆ ಬಾಗಿಸಿದರು. ಟೈಗರ್ ಮಾತ್‌ನ ಹಿಂದೆ ಬಾಗಿದ ರೆಕ್ಕೆಗೆ ಒಬ್ಬ ಮೇಷ್ಟ್ರ ಜೀವ ಕಾರಣ. ಎಷ್ಟು ಚೆಂದದ ಆಲ್ಟರೇಷನ್!

ನಾನು ಈಗ ಆ ಆಲ್ಟರೇಷನ್ನನ್ನು ಹಿಂದಿನಿಂದ ಬಿಚ್ಚಬೇಕಿತ್ತು. ಬಿಸಿನೀರಿನಲ್ಲಿ ಅದ್ದಿ ರೆಕ್ಕೆ ನೆಟ್ಟಗೆ ಮಾಡಲು ಹೋಗಿ ಒಂದು ಹಾಳಾಯಿತು, ಹಪ್ಪಳದ ಹಾಗೆ ಮುರುಟಿತು. ಅದನ್ನು ಪುನಃ ಹಲಗೆಯ ನಡುವೆ ಒತ್ತಿಟ್ಟು ಸರಿಮಾಡಿಕೊಂಡೆ. ಆಮೇಲೆ ಕತ್ತರಿಯ ಬುದ್ಧಿಯೇ ಕೈಹಿಡಿಯಿತು. ರೆಕ್ಕೆ ನಡುಭಾಗಕ್ಕೆ ಸೇರುವಲ್ಲಿ ಹಿಂಬದಿಯಿಂದ ಕೊಯ್ದು, ಮುಂದಿನ ಅಂಚನ್ನು ಕೊಯ್ಯದೆ ಕೀಲಿನಂತೆ ಬಿಟ್ಟು, ತುದಿಯನ್ನು ಮುಂದಕ್ಕೆ ತಂದೆ. ಹಿಂದೆ ಬಾಯಿ ತೆರೆದ ಸೀಳಿಗೆ, ಅಂಗಿಯ ಕಂಕುಳಿಗೆ ಕೊಡುತ್ತೇವಲ್ಲ, ಅಂಥ ತ್ರಿಕೋನ ತುಂಡು ಕೂರಿಸಿದೆ. ಬಾಗಿದ್ದು ನೆಟ್ಟಗಾದಾಗ ಒಂದೊಂದು ಬದಿಗೆ ಒಂದು ಮಿಲಿಮೀಟರಿನಷ್ಟು ಉದ್ದ ತಾನಾಗಿಯೇ ಸಿಕ್ಕಿತು. ಉಳಿದ ಅರ್ಧ ಮಿಲಿಮೀಟರನ್ನು ತುದಿಗೆ ಸೇರಿಸಿದೆ.

ಬಾಲದ ಮುಂದೆ ಎರಡೂ ಬದಿಗೆ ಸಣ್ಣ ಪಟ್ಟಿಗಳಿದ್ದವು. ವಿಮಾನ ಗಿರಗಿರ ಸುತ್ತುತ್ತ ಬೀಳುವ ಅಪಾಯ ತಗ್ಗಿಸಲು ಎರಡನೇ ಮಹಾಯುದ್ಧದ ಸಮಯದಲ್ಲಿ ಸೇರಿಸಿದವು. ಅವನ್ನು ತೀಡಿ ತೆಗೆದೆ. ಭೂತಗನ್ನಡಿ ಹಿಡಿದು ನೋಡಿದರೆ ನಿಮ್ಮ ಚಿತ್ರದ ವಿಮಾನದಲ್ಲೂ ಅವು ಕಾಣುತ್ತವೆ.

ಎರಡು ರೆಕ್ಕೆಗಳ ನಡುವೆ ತಂತಿಗಳಿರುತ್ತವಲ್ಲ, ಅವು ಅಲಂಕಾರಕ್ಕಲ್ಲ. ಹಾರುವಾಗ ರೆಕ್ಕೆ ಮೇಲಕ್ಕೆ ಎಳೆಯುತ್ತದೆ, ನಿಂತಾಗ ತನ್ನ ಭಾರಕ್ಕೆ ಜೋಲುತ್ತದೆ. ಒಂದಕ್ಕೆ ಒಂದು ದಿಕ್ಕಿನ ತಂತಿ, ಇನ್ನೊಂದಕ್ಕೆ ಎದುರು ದಿಕ್ಕಿನದು. ಅದಕ್ಕೇ ಅಡ್ಡಡ್ಡ ಹಾಯುತ್ತವೆ. ನೈಲಾನ್ ದಾರ, ಕೂದಲು ಎಲ್ಲ ಹಾಕಿ ನೋಡಿದೆ. ಬಳ್ಳಾರಿ ಬಿಸಿಲಿಗೆ ಎರಡೇ ದಿನದಲ್ಲಿ ಸಡಿಲಾದವು. ಕೊನೆಗೆ ಉತ್ತರ ನನ್ನ ಕಾಲ ಕೆಳಗೇ ಬಿದ್ದಿತ್ತು. ಸ್ಟ್ರೆಚ್ ಡೆನಿಮ್ಮಿನಲ್ಲಿ ಹಾಸು ನೀಲಿ, ಹೊಕ್ಕು ಬಿಳಿ. ಆ ಹೊಕ್ಕಿನ ನೂಲಿನ ಹೊಟ್ಟೆಯೊಳಗೆ ರಬ್ಬರಿನಂತೆ ಹಿಗ್ಗುವ ಲೈಕ್ರಾದ ಎಳೆ ಇರುತ್ತದೆ. ಚಿಂದಿ ತುಂಡಿನಿಂದ ಒಂದು ಹೊಕ್ಕು ಎಳೆದು ಹತ್ತಿ ಬಿಡಿಸಿದರೆ ಒಳಗಿನ ಎಳೆ ಕೈಗೆ ಬರುತ್ತದೆ. ಎಳೆದು ಹಿಡಿದು, ಎರಡು ತುದಿಗೆ ಸೂಜಿಮೊನೆಯಷ್ಟು ಅಂಟು. ಬಿಸಿಲಿರಲಿ, ಮಳೆಯಿರಲಿ, ಬಿಗಿ ತಪ್ಪುವುದಿಲ್ಲ.

ಬಣ್ಣ ಬೆಳ್ಳಿಯದು. ನಿಜವಾದ ವಿಮಾನಕ್ಕೂ ಅಲ್ಯೂಮಿನಿಯಂ ಪುಡಿ ಬೆರೆಸಿದ ಡೋಪ್ ಬಳಿಯುತ್ತಿದ್ದರು, ಬಿಸಿಲು ಬಟ್ಟೆಯನ್ನು ತಿನ್ನದಿರಲಿ ಎಂದು. ಆ ಮಾತು ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಊರಿನ ಹೆಸರು ಬಂತು, ಇನ್ನೊಂದನ್ನೂ ಹೇಳಿಬಿಡುತ್ತೇನೆ. ನಿಮ್ಮ ಲೇಖನದ ಕೊನೆಯಲ್ಲಿ, ಜೆ.ಆರ್.ಡಿ. 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಅಹಮದಾಬಾದ್ ಮೇಲೆ ಮುಂಬೈಗೆ ಅಂಚೆ ಹೊತ್ತು ತಂದರು ಎಂದು ಹೇಳಿ ನಿಲ್ಲಿಸಿದ್ದೀರಿ. ಅಂಚೆ ಮುಂಬೈಯಲ್ಲಿ ನಿಲ್ಲಲಿಲ್ಲ. ಅಲ್ಲಿಂದ ಮುಂದೆ ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿಯ ಮೇಲೆ ಮದ್ರಾಸಿಗೆ ಒಯ್ದರು. ಕನ್ನಡದ ಪತ್ರಿಕೆ ಆ ಕಥೆ ಹೇಳುವಾಗ ನಡುವಿನ ಊರೇ ಬಿಟ್ಟುಹೋದರೆ ನಮಗೆ ಸಂಕಟವಾಗುತ್ತದೆ. ಆ ವಿಮಾನ ಪುಸ್ ಮಾತ್, ಮೇಲೆ ಒಂದೇ ರೆಕ್ಕೆ, ಮುಚ್ಚಿದ ಕ್ಯಾಬಿನ್ನು. ಅಕ್ಟೋಬರಿನಲ್ಲಿ ಅದನ್ನು ಬರೆಯುವಾಗ ದಯವಿಟ್ಟು ಬೈಪ್ಲೇನಿನ ಚಿತ್ರ ಹಾಕಬೇಡಿ, ಬಳ್ಳಾರಿಯ ಹೆಸರು ಬಿಡಬೇಡಿ.

ಈಗಿನ ತಪ್ಪಿಗೆ ತಿದ್ದುಪಡಿ ಹಾಕುವಿರೆಂದು ನಂಬಿದ್ದೇನೆ. ನಿಜವಾದ ಜಿಪ್ಸಿ ಮಾತ್‌ನ ಚಿತ್ರ ಬೇಕಿದ್ದರೆ, ಅದೇ 1930ರಲ್ಲಿ ಆಮಿ ಜಾನ್ಸನ್ ಎಂಬ ಮಹಿಳೆ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಒಬ್ಬರೇ ಹಾರಿಸಿಕೊಂಡು ಹೋದ ‘ಜೇಸನ್’ ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿದೆ. ಅದರ ಚಿತ್ರ ಸಿಗುತ್ತದೆ, ಮೂಗಿನ ಬಗ್ಗೆ ಸಂಶಯ ಬರುವುದಿಲ್ಲ.

ಇಲ್ಲವೇ ನಿಮ್ಮ ಬಳ್ಳಾರಿ ಕಚೇರಿಯ ಫೋಟೊಗ್ರಾಫರನ್ನು ನಮ್ಮ ಶೆಡ್ಡಿಗೆ ಕಳಿಸಿ. ಎಡಗಡೆಯ ನಾಲ್ಕು ತಂತಿ ಮಾತ್ರ ಬಾಕಿ ಇದೆ, ಈ ಭಾನುವಾರ ಮುಗಿಯುತ್ತದೆ. ಕಟಿಂಗ್ ಟೇಬಲ್ಲಿನ ಮೇಲೆ ಕಡುನೀಲಿ ಡೆನಿಮ್ ಹಾಸಿ ಇಟ್ಟಿರುತ್ತೇನೆ. ಮೇಲಿನಿಂದ ತೆಗೆಯುವುದು ಬೇಡ, ಮೂಗಿನ ಪಕ್ಕದಿಂದ ಬಗ್ಗಿ ತೆಗೆಯಲು ಹೇಳಿ. ನಾಲ್ಕೂ ಸಿಲಿಂಡರು ಒಟ್ಟಿಗೆ ಕಾಣುವುದು ಅಲ್ಲಿಂದಲೇ.

ಇಂತಿ,
ಜೀನ್ಸ್ ಕಟಿಂಗ್ ಮಾಸ್ಟರ್
ಕೌಲ್‌ಬಜಾರ್, ಬಳ್ಳಾರಿ