ಅಮ್ಮನ ಹೆಬ್ಬೆಟ್ಟಿನ ಮೇಲೆ ಬಂದ ಅಂಕಗಳನ್ನು ಗೋಡೆಗೆ ಅಂಟಿಸಿ: ಶಾಸಕರಿಗೆ ಬಹಿರಂಗ ಪತ್ರ

ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ,

ನಮಸ್ಕಾರ. ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯ ಆಗುಹೋಗು ನೋಡಿಕೊಳ್ಳುವ ಆರೋಗ್ಯ ರಕ್ಷಾ ಸಮಿತಿಗೆ ತಾವೇ ಅಧ್ಯಕ್ಷರು. ಅದಕ್ಕಾಗಿ ಈ ಪತ್ರ ತಮಗೆ. ಆಡಳಿತ ವೈದ್ಯಾಧಿಕಾರಿಗಳಿಗೆ ಎರಡು ಸಲ ಅರ್ಜಿ ಕೊಟ್ಟಿದ್ದೇನೆ. ಎರಡಕ್ಕೂ ಸ್ವೀಕೃತಿಯ ಮೊಹರು ಬಿದ್ದಿದೆ, ಒಂದಕ್ಕೂ ಉತ್ತರ ಬಂದಿಲ್ಲ.

ನಾನು ಸರ್ಕಾರಿ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿ. ಅಮ್ಮನಿಗೆ 71 ವರ್ಷ, ಸಕ್ಕರೆ ಕಾಯಿಲೆ. ಆರು ವರ್ಷಗಳಿಂದ ತಿಂಗಳಿಗೊಮ್ಮೆ ಅವರನ್ನು ಕರೆದುಕೊಂಡು ಬರುತ್ತೇನೆ. ಬೆಳಗಿನ ಮೊದಲ ಬಸ್ಸು ಹಿಡಿದು ಬಂದು ಚೀಟಿಯ ಸಾಲಿನಲ್ಲಿ ನಿಂತರೆ, ವೈದ್ಯರು ನೋಡಿ ಪರೀಕ್ಷೆ ಬರೆದುಕೊಡುವಷ್ಟರಲ್ಲಿ ಹನ್ನೊಂದು ದಾಟುತ್ತದೆ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕಲ್ಲ, ಅಮ್ಮ ಅಲ್ಲಿಯವರೆಗೆ ಒಂದು ತುತ್ತೂ ಮುಟ್ಟುವುದಿಲ್ಲ. ಕೈ ನಡುಗಲು ಶುರುವಾದಾಗ ಚೀಲದಲ್ಲಿರುವ ಇಡ್ಲಿ ಡಬ್ಬಿಯನ್ನು ಒಮ್ಮೆ ಮುಟ್ಟಿ ನೋಡಿ ಸುಮ್ಮನಾಗುತ್ತಾರೆ. ರಕ್ತ ಕೊಟ್ಟು, ತಿಂದು, ಎರಡು ಗಂಟೆ ಕಳೆದು ಮತ್ತೆ ಹೋದರೆ ಪ್ರಯೋಗಾಲಯದ ಸಮಯ ಮುಗಿದಿರುತ್ತದೆ. ಊಟದ ನಂತರದ ಪರೀಕ್ಷೆ ಈ ಆರು ವರ್ಷಗಳಲ್ಲಿ ಎಷ್ಟು ಸಲ ಆಯಿತೆಂದು ಬೆರಳೆಣಿಸಿ ಹೇಳಬಲ್ಲೆ. ಸರ್ಕಾರಿ ಆಸ್ಪತ್ರೆಯೆಂದರೆ ಹೀಗೇ ಎಂದುಕೊಂಡು ಸಹಿಸಿದ್ದೆವು.

ಕಳೆದ ತಿಂಗಳು ನಡೆದದ್ದನ್ನು ಮಾತ್ರ ಸಹಿಸಲಾರೆ. ಕಾಲಿನ ಗಾಯ ಕೀವಾಗಿ ಅಮ್ಮ ಆರು ದಿನ ಒಳರೋಗಿಯಾಗಿದ್ದರು. ಮೊದಲ ಮೂರು ದಿನ ಹಾಸಿಗೆಯ ಹರಿದ ರೆಕ್ಸಿನ್ ಮೇಲೆ ಮನೆಯಿಂದ ತಂದ ಹಳೆಯ ಸೀರೆ ಹಾಸಿದ್ದೆ. ಶೌಚಾಲಯಕ್ಕೆ ಹೊರಗಿನ ನಲ್ಲಿಯಿಂದ ಬಕೆಟ್‌ನಲ್ಲಿ ನೀರು ಹೊತ್ತೆ. ನಾಲ್ಕನೆಯ ದಿನ ಬೆಳಗಿನ ಜಾವ ಫಿನಾಯಿಲ್ ವಾಸನೆಗೆ ಎಚ್ಚರವಾಯಿತು. ಎಂಟು ಗಂಟೆಯೊಳಗೆ ಎಲ್ಲ ಮಂಚಗಳ ಮೇಲೂ ಮಡಿಕೆಯ ಗೆರೆ ಮಾಸದ ನೀಲಿ ಬೆಡ್‌ಶೀಟ್, ಬೇಸಿನ್ ಪಕ್ಕದಲ್ಲಿ ಹೊಸ ಸೋಪು. ಗುಣಮಟ್ಟದ ತಪಾಸಣೆಗೆ ತಂಡ ಬರುತ್ತದೆ ಎಂದರು. ತಂಡ ಬಂತು, ನೋಡಿತು, ಬರೆದುಕೊಂಡಿತು, ಹೋಯಿತು. ಸಂಜೆ ಆರಕ್ಕೆ ಸಿಬ್ಬಂದಿಯೊಬ್ಬರು ಬಂದು ಅಮ್ಮನನ್ನು ಎಬ್ಬಿಸಿ ಕೂರಿಸಿ ಬೆಡ್‌ಶೀಟನ್ನು ಎಳೆದುಕೊಂಡು ಹೋದರು. ಸೋಪೂ ಹೋಯಿತು.

ಆ ರಾತ್ರಿ ಊಟ ಕಲಸಿ ಕೊಡುವಾಗ ಅಮ್ಮನ ಎಡಗೈ ಹೆಬ್ಬೆರಳಿನಲ್ಲಿ ನೀಲಿ ಶಾಯಿ ಕಂಡಿತು. ನಾನು ಔಷಧಿಗೆಂದು ಹೊರಗೆ ಹೋಗಿದ್ದಾಗ ಯಾರೋ ಹೆಬ್ಬೆಟ್ಟು ಹಾಕಿಸಿಕೊಂಡರಂತೆ. 'ಮಾತ್ರೆ ಕೊಟ್ಟಿದ್ದಕ್ಕೆ ಇರಬೇಕು ಕಣೆ' ಎಂದರು ಅಮ್ಮ. ಮರುದಿನ ಕೇಳಿ ನೋಡಿದೆ. ಅದು ರೋಗಿಗಳ ಅಭಿಪ್ರಾಯ ನಮೂನೆ. ಸ್ವಚ್ಛತೆ, ನೀರು, ಔಷಧಿ, ಸಿಬ್ಬಂದಿಯ ವರ್ತನೆ, ಪ್ರತಿ ಸಾಲಿನಲ್ಲೂ 'ಅತ್ಯುತ್ತಮ' ಎಂಬ ಕಡೆಗೇ ಒಂದೇ ಕೈಯ ಗುರುತು. ಕೆಳಗೆ ಅಮ್ಮನ ಹೆಬ್ಬೆಟ್ಟು.

ಸ್ವಾಮಿ, ನಾನು ಉತ್ತರ ಪತ್ರಿಕೆ ತಿದ್ದುವವಳು. ಮಗು ಬರೆಯದ ಉತ್ತರವನ್ನು ನಾನೇ ಬರೆದು ನಾನೇ ಅಂಕ ಹಾಕಿದರೆ ತಾವು ನನ್ನನ್ನು ಒಂದು ದಿನವಾದರೂ ಕೆಲಸದಲ್ಲಿ ಇಟ್ಟುಕೊಳ್ಳುವಿರಾ?

ನಿಯಮಗಳು ತಮಗೆ ಗೊತ್ತಿರುವಂಥವೇ. ಸರ್ಕಾರಿ ಆಸ್ಪತ್ರೆಗಳನ್ನು ಅಳೆಯಲು ಎನ್‌ಕ್ಯೂಎಎಸ್ ಎಂಬ ರಾಷ್ಟ್ರೀಯ ಗುಣಮಟ್ಟ ಮಾನದಂಡಗಳು 2013ರಿಂದ ಇವೆ. ಅದರಲ್ಲಿ ಪ್ರತಿ ಅಂಶಕ್ಕೂ ಸೊನ್ನೆ, ಒಂದು ಅಥವಾ ಎರಡು ಅಂಕ. ಕಣ್ಣಾರೆ ನೋಡಿ, ದಾಖಲೆ ಪರಿಶೀಲಿಸಿ, ಸಿಬ್ಬಂದಿಯನ್ನು ಕೇಳಿ, ರೋಗಿಯನ್ನೂ ಕೇಳಿ ಅಂಕ ಕೊಡಬೇಕು. ರೋಗಿಗಳ ಅಭಿಪ್ರಾಯ ಸಂಗ್ರಹಿಸಿ ಎಲ್ಲಿ ಅಂಕ ಅತಿ ಕಡಿಮೆಯೋ ಅದನ್ನು ಸರಿಪಡಿಸಬೇಕು. ಸ್ವಚ್ಛತೆಗೆ 2015ರಿಂದ ಕಾಯಕಲ್ಪ ಎಂಬ ಪ್ರಶಸ್ತಿ ಯೋಜನೆ ಇದೆ. 2016ರಲ್ಲಿ ಆರಂಭವಾದ 'ಮೇರಾ ಅಸ್ಪತಾಲ್' (ನನ್ನ ಆಸ್ಪತ್ರೆ) ವ್ಯವಸ್ಥೆಯಲ್ಲಿ ರೋಗಿ ತನ್ನ ಮೊಬೈಲ್‌ನಿಂದಲೇ ಅಭಿಪ್ರಾಯ ತಿಳಿಸಬಹುದು. ಚೀಟಿ ಮಾಡಿಸುವಾಗಲೆಲ್ಲ ನಮ್ಮ ನಂಬರ್ ಬರೆದುಕೊಳ್ಳುತ್ತಾರೆ. ಅಭಿಪ್ರಾಯ ಕೇಳಿ ಒಂದು ಕರೆಯೂ ಬಂದಿಲ್ಲ. ಅಳೆಯುವ ಕೋಲು ಇಲ್ಲವೆಂದು ನಾನು ದೂರುತ್ತಿಲ್ಲ. ಕೋಲು ಇದೆ. ಅದನ್ನು ಹಿಡಿದವರು ರೋಗಿಯ ಹತ್ತಿರ ಬರುತ್ತಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ: ಆಸ್ಪತ್ರೆಗೆ ಬಂದ ಅಂಕಗಳನ್ನು, ವಿಭಾಗವಾರು, ಕನ್ನಡದಲ್ಲಿ, ಚೀಟಿ ಕೌಂಟರಿನ ಪಕ್ಕದ ಗೋಡೆಗೆ ಅಂಟಿಸಿ. ಶೌಚಾಲಯಕ್ಕೆ ಎಷ್ಟು, ಪ್ರಯೋಗಾಲಯಕ್ಕೆ ಎಷ್ಟು, ಔಷಧಿಗೆ ಎಷ್ಟು ಎಂದು ನಾವೂ ಓದುತ್ತೇವೆ. ಸುಳ್ಳು ಅಂಕವನ್ನು ಗೋಡೆಗೆ ಹಾಕಲು ಯಾರಿಗಾದರೂ ಕೈ ನಡುಗುತ್ತದೆ, ಏಕೆಂದರೆ ಓದುವವರು ಆಗ ತಾನೇ ಆ ಶೌಚಾಲಯದಿಂದ ಹೊರಬಂದಿರುತ್ತಾರೆ.

ಇದನ್ನು ಓದಿ ದಾದಿಯರಿಗೆ ನೋಟಿಸ್ ಕೊಟ್ಟು ಕೈ ತೊಳೆದುಕೊಳ್ಳಬೇಡಿ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಇದ್ದದ್ದು ಒಬ್ಬರೇ ಸಿಸ್ಟರ್. ಅಮ್ಮನ ಗಾಯ ತೊಳೆಯುತ್ತಿದ್ದವರು ಆ ಕಡೆಯ ಮಂಚದಿಂದ ಕೂಗು ಕೇಳಿ ಅರ್ಧಕ್ಕೇ ಎದ್ದು ಓಡಿದರು, ಮತ್ತೆ ಬಂದು ಕೈ ತೊಳೆದು ಮುಂದುವರಿಸಿದರು. ಸಿಬ್ಬಂದಿ ಸಾಲದು ಎಂಬುದಕ್ಕೂ ಅದೇ ಪಟ್ಟಿಯಲ್ಲಿ ಅಂಕ ಕಡಿಮೆಯಾಗಬೇಕು. ಎಲ್ಲವನ್ನೂ 'ಅತ್ಯುತ್ತಮ' ಎಂದು ಬರೆದ ಮೇಲೆ ಇನ್ನೊಬ್ಬ ಸಿಸ್ಟರ್ ಬೇಕೆಂದು ತಾವು ಸರ್ಕಾರವನ್ನು ಯಾವ ಮುಖದಿಂದ ಕೇಳುತ್ತೀರಿ?

ಸಮಿತಿಯ ಸಭೆ ಕರೆಯಿರಿ. ತಿಂಗಳಿಗೊಮ್ಮೆ, ಮೊದಲೇ ತಿಳಿಸದೆ, ವಾರ್ಡಿಗೆ ಬನ್ನಿ. ಅಭಿಪ್ರಾಯ ಬರೆದುಕೊಳ್ಳುವವರು ಆಸ್ಪತ್ರೆಯ ಹೊರಗಿನವರಾಗಿರಲಿ, ಓದು ಬಾರದವರಿಗೆ ಪ್ರತಿ ಪ್ರಶ್ನೆಯನ್ನೂ ಓದಿ ಹೇಳಲಿ. ಬಂದ ಅಂಕಗಳನ್ನು, ಮತ್ತೆ ಹೇಳುತ್ತೇನೆ, ಗೋಡೆಗೆ ಅಂಟಿಸಿ. ಅಮ್ಮನ ಹೆಸರಿನ ಆ ನಮೂನೆಯನ್ನು ರದ್ದು ಮಾಡಿಸಿ. ಅವರನ್ನು ಕೂರಿಸಿಕೊಂಡು ಹೊಸದಾಗಿ ಕೇಳಿಸಿ. ಹೇಳಲು ಅವರಿಗೆ ಬೇಕಾದಷ್ಟಿದೆ.

ಬರುವ ಗುರುವಾರ ಡ್ರೆಸಿಂಗ್‌ಗೆ ಬರುತ್ತೇವೆ. ಚೀಟಿಯ ಸಾಲಿನಲ್ಲಿ ನಿಂತು ಆ ಗೋಡೆಯನ್ನು ನೋಡುತ್ತೇನೆ.

ಇಂತಿ,
ಒಳರೋಗಿಯೊಬ್ಬರ ಮಗಳು