ರಜೆಯ ಪಟ್ಟಿಯಲ್ಲಿ ವಿಮಾನ ಮ್ಯೂಸಿಯಂಗೂ ಒಂದು ದಿನ ಇರಲಿ

ವಿಮಾನ ಮ್ಯೂಸಿಯಂಗೆ ಹೋಗಿ ಬೇಸತ್ತು ಬರುವವರೆಲ್ಲ ಮಾಡುವ ತಪ್ಪು ಒಂದೇ: ಎಲ್ಲವನ್ನೂ ನೋಡಲು ಹೊರಡುವುದು. ಒಹಾಯೋದ ಡೇಟನ್‌ನಲ್ಲಿರುವ ಅಮೆರಿಕದ ವಾಯುಪಡೆ ಮ್ಯೂಸಿಯಂ ಒಂದರಲ್ಲೇ ವಿಮಾನ, ಕ್ಷಿಪಣಿ ಸೇರಿ 350ಕ್ಕೂ ಹೆಚ್ಚಿವೆ. ಒಂದೊಂದಕ್ಕೆ ಎರಡು ನಿಮಿಷವೆಂದರೂ ಹನ್ನೊಂದು ಗಂಟೆಗೂ ಮೇಲಾಯಿತು. ಮ್ಯೂಸಿಯಂ ತೆರೆದಿರುವುದೇ ಎಂಟು ಗಂಟೆ. ಎರಡನೆಯ ಕಟ್ಟಡ ಮುಗಿಯುವಷ್ಟರಲ್ಲಿ ಕಾಲು ಸೋತು, ಎಲ್ಲ ವಿಮಾನವೂ ಒಂದೇ ಥರ ಕಾಣತೊಡಗುತ್ತದೆ. ಮನೆಯಲ್ಲೇ ಕೂತು ಮ್ಯೂಸಿಯಂನ ಜಾಲತಾಣ ತೆರೆದು ಹತ್ತು ವಿಮಾನ ಆರಿಸಿಕೊಳ್ಳಿ. ಅವು ಯಾವ ಕಟ್ಟಡದಲ್ಲಿವೆ ಎಂದು ಬರೆದಿಟ್ಟುಕೊಳ್ಳಿ. ಆ ಹತ್ತನ್ನು ಸಾವಕಾಶವಾಗಿ ನೋಡಿ. ಉಳಿದದ್ದು ದಾರಿಯಲ್ಲಿ ಸಿಕ್ಕರೆ ಲಾಭ.

ವಾಷಿಂಗ್ಟನ್‌ಗೆ ಹೋಗುವವರು ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳಬೇಕು. ಸ್ಮಿತ್ಸೋನಿಯನ್ ಎಂಬ ಮ್ಯೂಸಿಯಂ ಸಂಸ್ಥೆಯ ವಾಯು-ಬಾಹ್ಯಾಕಾಶ ಮ್ಯೂಸಿಯಂಗೆ ಎರಡು ಕಟ್ಟಡ. ನಗರದ ನಡುವೆ, ನ್ಯಾಷನಲ್ ಮಾಲ್ ಎಂಬ ಉದ್ದನೆಯ ಉದ್ಯಾನದಲ್ಲಿರುವುದು ಒಂದು. ಡಲ್ಲಸ್ ವಿಮಾನ ನಿಲ್ದಾಣದ ಪಕ್ಕ ಶಾಂಟಿಲಿಯಲ್ಲಿರುವ ಉಡ್ವಾರ್-ಹೇಜಿ ಕೇಂದ್ರ ಇನ್ನೊಂದು. ಎರಡರ ನಡುವೆ ಸುಮಾರು 45 ಕಿಲೋಮೀಟರ್. ಡಿಸ್ಕವರಿ ಬಾಹ್ಯಾಕಾಶ ನೌಕೆ ನೋಡಬೇಕೆಂದು ಮಾಲ್‌ಗೆ ಹೋದವರು, ರೈಟ್ ಸಹೋದರರ ವಿಮಾನ ನೋಡಬೇಕೆಂದು ಶಾಂಟಿಲಿಗೆ ಹೋದವರು ಪೆಚ್ಚುಮೋರೆ ಹಾಕಿಕೊಂಡು ಮರಳಬೇಕಾಗುತ್ತದೆ. ಎರಡಕ್ಕೂ ಪ್ರವೇಶ ಉಚಿತ. ಆದರೆ ಮಾಲ್‌ನ ಕಟ್ಟಡಕ್ಕೆ ಸಮಯ ನಮೂದಿಸಿದ ಉಚಿತ ಪಾಸನ್ನು ಮುಂಚೆಯೇ ಆನ್‌ಲೈನ್‌ನಲ್ಲಿ ಪಡೆಯುವ ಪದ್ಧತಿ ಬಂದಿದೆ. ಹೊರಡುವ ಮುನ್ನ ಒಮ್ಮೆ ನೋಡಿಕೊಳ್ಳಿ. ಶಾಂಟಿಲಿಗೆ ಪಾಸು ಬೇಡ, ಪಾರ್ಕಿಂಗ್‌ಗೆ ದುಡ್ಡು ಕೊಡಬೇಕು. ಕಾರಿಲ್ಲದವರು ಮೆಟ್ರೋದ ಸಿಲ್ವರ್ ಲೈನ್‌ನಲ್ಲಿ ಇನ್ನೊವೇಶನ್ ಸೆಂಟರ್‌ವರೆಗೆ ಬಂದು 983ನೇ ನಂಬರಿನ ಬಸ್ ಹಿಡಿಯಬಹುದು.

ಒಂದೇ ಕಡೆ ಹೋಗಲು ಸಾಧ್ಯ ಎನ್ನುವವರಿಗೆ ನಮ್ಮ ಸಲಹೆ ಶಾಂಟಿಲಿಯೇ. ಬಾಗಿಲು ದಾಟಿದರೆ ಎದುರಿಗೇ ಎಸ್‌ಆರ್-71 ಬ್ಲ್ಯಾಕ್‌ಬರ್ಡ್ ಎಂಬ ಬೇಹುಗಾರಿಕೆ ವಿಮಾನ. 1990ರ ಮಾರ್ಚ್ 6ರಂದು ಲಾಸ್ ಏಂಜಲೀಸ್‌ನಿಂದ ವಾಷಿಂಗ್ಟನ್‌ಗೆ 64 ನಿಮಿಷದಲ್ಲಿ ಹಾರಿ ಬಂದು ಮ್ಯೂಸಿಯಂನ ವಶವಾದದ್ದು ಇದೇ ವಿಮಾನ. ದೂರದಿಂದ ಫೋಟೋ ತೆಗೆದು ಮುಂದೆ ಸಾಗಿಬಿಡಬೇಡಿ. ಮೇಲಿನ ನಡೆದಾರಿಯಿಂದ ಬಗ್ಗಿ ಅದರ ರೆಕ್ಕೆಯನ್ನು ನೋಡಿ: ಮುಂದಿನಿಂದ ಹಿಂದಕ್ಕೆ ಸಣ್ಣ ಸಣ್ಣ ಗೀರುಗಳಂತೆ ಏರಿಳಿತಗಳಿವೆ. ಶಬ್ದದ ಮೂರು ಪಟ್ಟು ವೇಗದಲ್ಲಿ ಗಾಳಿಯ ತಿಕ್ಕಾಟಕ್ಕೆ ಮೈ ಕಾದು ಟೈಟಾನಿಯಂ ಹಿಗ್ಗುತ್ತದೆ. ತಗಡು ಸಪಾಟಾಗಿದ್ದರೆ ಸೊಟ್ಟಗಾಗುತ್ತದೆ. ಈ ಏರಿಳಿತ ಇದ್ದರೆ ಹಿಗ್ಗಲು ಜಾಗ ಸಿಗುತ್ತದೆ. ಇಂಧನದ ಟ್ಯಾಂಕೂ ಇದೇ ತೊಗಲಿನ ಒಳಗೇ ಇದ್ದದ್ದರಿಂದ, ತಣ್ಣಗೆ ನೆಲದ ಮೇಲೆ ನಿಂತಾಗ ಸಂದುಗಳಿಂದ ಇಂಧನ ತೊಟ್ಟಿಕ್ಕುತ್ತಿತ್ತು. ಇಷ್ಟು ತಿಳಿದು ನೋಡಿದರೆ ಆ ಕಪ್ಪು ಮೈ ಬೇರೆಯೇ ಆಗಿ ಕಾಣುತ್ತದೆ.

ಫೋಟೋದ ಬಗ್ಗೆ ಇಲ್ಲೇ ಒಂದು ಮಾತು. ಕಪ್ಪು ವಿಮಾನವನ್ನು ಕಂಡ ಕ್ಯಾಮೆರಾ ಬೆಳಕು ಸಾಲದೆಂದು ತಿಳಿದು ಚಿತ್ರವನ್ನು ತಿಳಿ ಮಾಡುತ್ತದೆ. ಕಪ್ಪು ಬೂದುಬಣ್ಣವಾಗುತ್ತದೆ, ಹಿಂದಿನ ದೀಪಗಳು ಬಿಳಿ ಮುದ್ದೆಯಾಗುತ್ತವೆ. ಫೋನಿನಲ್ಲಿ ವಿಮಾನದ ಮೇಲೆ ಬೆರಳಿಟ್ಟು, ಮೂಡುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಕ್ಕೆ ಎಳೆಯಿರಿ. ಕ್ಯಾಮೆರಾದಲ್ಲಾದರೆ ಎಕ್ಸ್‌ಪೋಷರ್ ಒಂದು ಸ್ಟಾಪ್ (ಅಂದರೆ ಬೆಳಕನ್ನು ಅರ್ಧಕ್ಕೆ) ಕಡಿಮೆ ಮಾಡಿ. ಫ್ಲ್ಯಾಶ್ ಹಾಕಿ ಪ್ರಯೋಜನವಿಲ್ಲ, ಅಷ್ಟು ದೂರ ಅದರ ಬೆಳಕು ಮುಟ್ಟುವುದೇ ಇಲ್ಲ.

ಮಾಲ್‌ಗೆ ಹೋಗುವವರು 1903ರ ರೈಟ್ ಫ್ಲೈಯರ್ ಜೊತೆಗೆ, ಅಟ್ಲಾಂಟಿಕ್ ಸಾಗರವನ್ನು ಒಬ್ಬನೇ ಎಲ್ಲೂ ಇಳಿಯದೆ ಹಾರಿ ದಾಟಿದ ಮೊದಲಿಗ ಲಿಂಡ್‌ಬರ್ಗ್‌ನ ವಿಮಾನ ಸ್ಪಿರಿಟ್ ಆಫ್ ಸೇಂಟ್ ಲೂಯಿಸ್‌ನ ಮೂತಿಯನ್ನು ಗಮನಿಸಿ. ಅದಕ್ಕೆ ಮುಂದಿನ ಗಾಜೇ ಇಲ್ಲ. ಪೈಲಟ್‌ನ ಎದುರು ದೊಡ್ಡ ಇಂಧನದ ಟ್ಯಾಂಕ್ ಕೂರಿಸಿದ್ದರಿಂದ, ಮುಂದೆ ನೋಡಲು ಪೆರಿಸ್ಕೋಪ್ ಬಳಸಬೇಕಿತ್ತು, ಇಲ್ಲವೇ ಪಕ್ಕದ ಕಿಟಕಿಯಿಂದ ಇಣುಕಬೇಕಿತ್ತು. ಹಾಗೆ ಮೂವತ್ತಮೂರೂವರೆ ಗಂಟೆ ಹಾರಿ 1927ರ ಮೇ 21ರಂದು ಅವನು ಇಳಿದದ್ದು ಪ್ಯಾರಿಸ್‌ನ ಲ ಬುರ್ಜೆಯಲ್ಲಿ.

ಅದೇ ಲ ಬುರ್ಜೆಯಲ್ಲಿ ಈಗ ಫ್ರಾನ್ಸಿನ ವಾಯು-ಬಾಹ್ಯಾಕಾಶ ಮ್ಯೂಸಿಯಂ ಇದೆ. ಸೋಮವಾರ ರಜೆ. ಬೆಸ ಸಂಖ್ಯೆಯ ವರ್ಷಗಳ ಜೂನ್‌ನಲ್ಲಿ ಅಲ್ಲೇ ಪ್ಯಾರಿಸ್ ಏರ್ ಶೋ ನಡೆಯುವುದರಿಂದ ಆ ದಿನಗಳಲ್ಲಿ ಮಾಮೂಲಿ ಭೇಟಿಯ ಯೋಜನೆ ಬೇಡ. ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾಂಕಾರ್ಡ್ ಎಂಬ ಪ್ರಯಾಣಿಕ ವಿಮಾನಗಳೆರಡು ಮ್ಯೂಸಿಯಂನಲ್ಲಿ ಅಕ್ಕಪಕ್ಕ ನಿಂತಿವೆ. ಒಂದು ಪ್ರಯಾಣಿಕರನ್ನು ಹೊತ್ತದ್ದು, ಇನ್ನೊಂದು ಮೊಟ್ಟಮೊದಲ ಮಾದರಿ 001. ಮೊದಲ ಮಾದರಿಯ ಚಾವಣಿಯಲ್ಲಿ ಕಿಟಕಿ ಕೊರೆದದ್ದಕ್ಕೆ ಕಾರಣವಿದೆ. 1973ರ ಜೂನ್ 30ರ ಸೂರ್ಯಗ್ರಹಣದಲ್ಲಿ ಆಫ್ರಿಕಾದ ಮೇಲೆ ಚಂದ್ರನ ನೆರಳಿನ ಜೊತೆಜೊತೆಗೇ ಹಾರಿದ ಈ ವಿಮಾನ 74 ನಿಮಿಷ ಪೂರ್ಣ ಗ್ರಹಣದೊಳಗೇ ಉಳಿಯಿತು. ನೆಲದ ಮೇಲೆ ನಿಂತವರಿಗೆ ಅಂದು ಸಿಕ್ಕದ್ದು ಹೆಚ್ಚೆಂದರೆ ಏಳು ನಿಮಿಷ.

ಕಾಂಕಾರ್ಡ್‌ನ ಒಳಗೆ ಹೋಗುವ ಆಸೆಯಿದ್ದರೆ ಮ್ಯೂಸಿಯಂ ಆರಿಸುವಾಗಲೇ ಎಚ್ಚರ ಬೇಕು. ಶಾಂಟಿಲಿಯಲ್ಲಿ ಹೊರಗಿನಿಂದ ಮಾತ್ರ. ಸಿಯಾಟಲ್‌ನ ಮ್ಯೂಸಿಯಂ ಆಫ್ ಫ್ಲೈಟ್, ಇಂಗ್ಲೆಂಡಿನ ಡಕ್ಸ್‌ಫರ್ಡ್, ಲ ಬುರ್ಜೆ, ಜರ್ಮನಿಯ ಸಿನ್ಸ್‌ಹೈಮ್‌ಗಳಲ್ಲಿ ಒಳಗೆ ನಡೆಯಬಹುದು. ಸಿನ್ಸ್‌ಹೈಮ್‌ಗೆ ಇನ್ನೊಂದು ಹೆಚ್ಚುಗಾರಿಕೆ: ಕಾಂಕಾರ್ಡ್ ಮತ್ತು ಅದಕ್ಕಿಂತ ಎರಡು ತಿಂಗಳು ಮೊದಲೇ, 1968ರ ಕೊನೆಯ ದಿನ ಹಾರಿದ ಅದೇ ಬಗೆಯ ಸೋವಿಯತ್ ವಿಮಾನ ಟಿಯು-144 ಎರಡೂ ಒಟ್ಟಿಗೆ ಇರುವುದು ಪ್ರಪಂಚದಲ್ಲಿ ಇಲ್ಲೊಂದೇ ಕಡೆ. ಕಾಕ್‌ಪಿಟ್‌ನ ಹಿಂದೆ ಮೀಸೆಯಂತೆ ಚಾಚಿರುವ ಪುಟ್ಟ ರೆಕ್ಕೆಗಳಿದ್ದರೆ ಅದು ಟಿಯು-144. ಇಳಿಯುವಾಗ ಮೂತಿಯನ್ನು ಎತ್ತಿ ಹಿಡಿಯಲು ಅವು, ಹಾರಾಟದಲ್ಲಿ ಮಡಚಿಕೊಳ್ಳುತ್ತವೆ. ಎರಡನ್ನೂ ಮೇಲೇರುವ ಭಂಗಿಯಲ್ಲಿ ಎತ್ತರದಲ್ಲಿ ನಿಲ್ಲಿಸಿರುವುದರಿಂದ ಮೆಟ್ಟಿಲು ಹತ್ತಬೇಕು, ಒಳಗಿನ ನೆಲವೂ ಇಳಿಜಾರು. ಮಂಡಿನೋವಿನವರಿಗೆ ಕಷ್ಟ. ಮಳೆ ಬಂದರಂತೂ ಬಯಲಲ್ಲಿ ನೆನೆಯಬೇಕು.

ಲಂಡನ್‌ನಲ್ಲಿ ಅರ್ಧ ದಿನ ಸಿಕ್ಕರೆ ಹೆಂಡನ್‌ನಲ್ಲಿರುವ ಬ್ರಿಟನ್ನಿನ ವಾಯುಪಡೆಯ (ಆರ್‌ಎಎಫ್) ಮ್ಯೂಸಿಯಂ. ನಾರ್ದರ್ನ್ ಲೈನ್‌ನ ಕಾಲಿಂಡೇಲ್‌ನಲ್ಲಿ ಇಳಿದು ಹತ್ತು-ಹದಿನೈದು ನಿಮಿಷ ನಡೆದರೆ ಸಿಗುತ್ತದೆ, ಪ್ರವೇಶ ಉಚಿತ. ಜನ ಮುತ್ತುವುದು ಅಚ್ಚುಕಟ್ಟಾಗಿ ಬಣ್ಣ ಹೊಡೆದ ಲ್ಯಾಂಕಾಸ್ಟರ್ ಬಾಂಬರ್‌ನ ಸುತ್ತ. ನಾವು ಹೇಳುವುದು ಹ್ಯಾಲಿಫ್ಯಾಕ್ಸ್ ಎಂಬ ಇನ್ನೊಂದು ಬಾಂಬರನ್ನು ತಪ್ಪಿಸಬೇಡಿ ಎಂದು. 1942ರ ಏಪ್ರಿಲ್‌ನಲ್ಲಿ ಜರ್ಮನ್ ಯುದ್ಧನೌಕೆ ಟಿರ್ಪಿಟ್ಸ್ ಮೇಲೆ ದಾಳಿಗೆ ಹೋಗಿ, ಗುಂಡೇಟು ತಿಂದು ನಾರ್ವೆಯ ಹೆಪ್ಪುಗಟ್ಟಿದ ಸರೋವರದ ಮೇಲೆ ಇಳಿದು, ಮಂಜುಗಡ್ಡೆ ಒಡೆದು ಮುಳುಗಿದ್ದ ವಿಮಾನವದು. 1973ರಲ್ಲಿ ಮೇಲೆತ್ತಿದರು. ಅದನ್ನು ಹೊಸದರಂತೆ ಮಾಡಹೋಗಲಿಲ್ಲ. ತುಕ್ಕು, ತೂತು, ಕಿತ್ತುಹೋದ ತಗಡು ಹಾಗೆಯೇ ಇವೆ. ದುರಸ್ತಿಯೆಂದರೆ ಎಷ್ಟೋ ಸಲ ಹಳೆಯದನ್ನು ಕಿತ್ತು ಹೊಸದನ್ನು ಹಾಕುವುದೇ ಆಗುತ್ತದೆ. ಈ ಮುರುಕು ವಿಮಾನದಲ್ಲಿ ಎದುರಿಗಿರುವುದು ಅಂದಿನ ಲೋಹವೇ.

ಡೇಟನ್‌ನಲ್ಲಿ ಪ್ರವೇಶವೂ ಪಾರ್ಕಿಂಗೂ ಉಚಿತ. ನಾಲ್ಕನೆಯ ಕಟ್ಟಡದಿಂದ ಶುರುಮಾಡಿ. ದಣಿವಿಲ್ಲದ ಕಣ್ಣು ಅಲ್ಲಿಗೆ ಬೇಕು. ಕಟ್ಟಿದ ಎರಡರಲ್ಲಿ ಉಳಿದಿರುವ ಒಂದೇ ಎಕ್ಸ್‌ಬಿ-70 ವಾಲ್ಕಿರಿ ಎಂಬ ಪ್ರಾಯೋಗಿಕ ಬಾಂಬರ್ ಅಲ್ಲಿದೆ. ಕೊಲೆಯಾದ ಅಧ್ಯಕ್ಷ ಕೆನೆಡಿಯ ಮೃತದೇಹವನ್ನು ಟೆಕ್ಸಾಸ್‌ನ ಡ್ಯಾಲಸ್‌ನಿಂದ ತಂದ ಅಧ್ಯಕ್ಷರ ವಿಮಾನವೂ ಅಲ್ಲಿದೆ. ಅದರೊಳಗಿನ ದಾರಿ ಬಹಳ ಕಿರಿದು. ಗಾಲಿಕುರ್ಚಿ ಹೋಗದು, ಬೆನ್ನಿಗೆ ಚೀಲವಿದ್ದರೆ ತೆಗೆದು ಕೈಯಲ್ಲಿ ಹಿಡಿಯಿರಿ. ಸಭಾಂಗಣಗಳಲ್ಲಿ ಬೆಳಕು ಮಂದ, ನೆಲ ಕಾಂಕ್ರೀಟ್. ಮೆತ್ತನೆಯ ಶೂ ಇಲ್ಲದೆ ಹೋಗಬೇಡಿ.

ಡಲ್ಲಸ್‌ನಲ್ಲಿ ವಿಮಾನ ಬದಲಿಸುವ ನಡುವೆ ಶಾಂಟಿಲಿಗೆ ಹೋಗಿಬರಬಹುದೇ? ಲೆಕ್ಕ ಹಾಕಿ. ಇಮಿಗ್ರೇಶನ್‌ಗೆ ಎರಡು ಗಂಟೆ, ಹೋಗಿಬರಲು ಒಂದು, ಮ್ಯೂಸಿಯಂನಲ್ಲಿ ಎರಡೂವರೆ, ಮುಂದಿನ ವಿಮಾನಕ್ಕೆ ಎರಡೂವರೆ ಗಂಟೆ ಮುಂಚೆ ವಾಪಸ್. ಎಂಟು ಗಂಟೆ ಬಿಡುವಿದ್ದರೆ ಸರಿ, ಆರು ಸಾಲದು. ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಹೋದರೆ ಇಡಲು ಜಾಗ ಸಿಗುತ್ತದೆಂದು ನಂಬಬೇಡಿ.

ಕೊನೆಯದಾಗಿ, ಬಿ-24 ಲಿಬರೇಟರ್ ಎಂಬ ನಾಲ್ಕು ಎಂಜಿನ್ನಿನ ಬಾಂಬರ್. ಅಮೆರಿಕದ ಟೂಸಾನ್‌ನ ಪೀಮಾ ಮ್ಯೂಸಿಯಂ, ಕೆನಡಾದ ಒಟ್ಟಾವಾದ ವಿಮಾನ ಮ್ಯೂಸಿಯಂ, ಆರ್‌ಎಎಫ್ ಮ್ಯೂಸಿಯಂನ ಸಂಗ್ರಹ, ಈ ಮೂರರಲ್ಲೂ ಇರುವ ಲಿಬರೇಟರ್‌ಗಳು ಭಾರತೀಯ ವಾಯುಪಡೆಯಲ್ಲಿ ಹಾರಿದವು. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಂಥ ವಿಮಾನಗಳನ್ನು ಕಾನ್ಪುರದಲ್ಲಿ ಬೇಕೆಂತಲೇ ಕೆಡಿಸಿ ಬಿಟ್ಟುಹೋಗಿದ್ದರು. ಹಿಂದುಸ್ತಾನ್ ಏರ್‌ಕ್ರಾಫ್ಟ್‌ನವರು ಅವನ್ನು ಹಾರುವಷ್ಟರ ಮಟ್ಟಿಗೆ ಅಲ್ಲೇ ಸರಿಮಾಡಿ, ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದು ಪೂರ್ತಿ ದುರಸ್ತಿ ಮಾಡಿದರು. 1968ರವರೆಗೆ ಅವು ಸೇವೆಯಲ್ಲಿದ್ದವು. ಬೇರೆ ದೇಶಗಳು ತಮ್ಮ ಲಿಬರೇಟರ್‌ಗಳನ್ನು ಗುಜರಿಗೆ ಹಾಕಿ ಎಷ್ಟೋ ವರ್ಷ ಕಳೆದಿದ್ದರಿಂದ ಮ್ಯೂಸಿಯಂಗಳು ಭಾರತದ ಕಡೆ ನೋಡಬೇಕಾಯಿತು. ಟೂಸಾನ್‌ನಲ್ಲಿ ಅದರ ಮೈಮೇಲೆ ಅಮೆರಿಕದ ಬಣ್ಣ, ಒಟ್ಟಾವಾದಲ್ಲಿ ಕೆನಡಾದ ಬಣ್ಣ. ಬಣ್ಣ ನೋಡಿ ಮುಂದೆ ಹೋಗಬೇಡಿ, ಅಲ್ಲಿನ ಸ್ವಯಂಸೇವಕರನ್ನು ಇದು ಎಲ್ಲಿಂದ ಬಂತೆಂದು ಕೇಳಿ. ಟೂಸಾನ್‌ಗೆ ಹೋಗುವವರು ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ತಲುಪಿ; ಅಲ್ಲಿನ ಬಹುಪಾಲು ವಿಮಾನಗಳು ಮರುಭೂಮಿಯ ಬಿಸಿಲಿನಲ್ಲಿವೆ. ಹ್ಯಾಟು, ನೀರು ಎರಡೂ ಜೊತೆಗಿರಲಿ.