ನಮ್ಮ ಪ್ಲಗಿನ್ ಕೋಡ್ ನೋಡಿಕೊಟ್ಟವರಿಗೆ

ಚಿತ್ರಗಳನ್ನು ವಿಶ್ಲೇಷಿಸುವ ಇಮೇಜ್‌ಜೆ ಸಾಫ್ಟ್‌ವೇರ್‌ಗೆ ನಾವು ಬರೆದ ಪ್ಲಗಿನ್ ಕೋಡನ್ನು ಪುರುಸೊತ್ತು ಮಾಡಿಕೊಂಡು ನೋಡಿಕೊಟ್ಟ ಪುಣ್ಯಾತ್ಮರಿಗೆ ತುಂಬಾ ಥ್ಯಾಂಕ್ಸ್. 8 ಥ್ರೆಡ್ (ಒಟ್ಟೊಟ್ಟಿಗೆ ಓಡುವ ಕೆಲಸದ ಎಳೆಗಳು) ಹಾಕಿದರೂ ಒಂದೇ ಥ್ರೆಡ್‌ಗಿಂತ ನಿಧಾನ ಓಡುತ್ತಿತ್ತಲ್ಲ, ಅದಕ್ಕೆ ಕಾರಣ ಹಿಸ್ಟೋಗ್ರಾಮ್ (ಯಾವ ಹೊಳಪಿನ ಪಿಕ್ಸೆಲ್ ಎಷ್ಟಿವೆ ಅನ್ನೋ ಲೆಕ್ಕ) ಎಣಿಸುವಾಗ ಎಲ್ಲ ಥ್ರೆಡ್‌ಗಳೂ 256 ಖಾನೆಯ ಒಂದೇ ಅಟಾಮಿಕ್ ಅರೇಗೆ (ಒಂದು ಖಾನೆಯನ್ನು ಒಮ್ಮೆಗೆ ಒಂದೇ ಥ್ರೆಡ್ ಬದಲಿಸಬಲ್ಲ ಪಟ್ಟಿ) ಮುಗಿಬೀಳುತ್ತಿದ್ದದ್ದು, ರೇಷನ್ ಅಂಗಡಿಯ ಒಂದೇ ಕೌಂಟರ್ ಮುಂದೆ ಊರೆಲ್ಲ ನಿಂತ ಹಾಗೆ. ಲೆಕ್ಕವೇನೋ ಸರಿಯಾಗೇ ಬರುತ್ತಿತ್ತು, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಪ್ರತಿ ಥ್ರೆಡ್‌ಗೂ ಅದರದೇ ಅರೇ ಕೊಡಿ, ಕೊನೆಗೆ ಕೂಡಿಸಿ ಅಂದಿರಿ. ಅಷ್ಟೇ! ಇನ್ನೊಂದು ಮಾತು ಅದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂತು: ಪಿಕ್ಸೆಲ್‌ಗಳು ಅರೇಯಲ್ಲಿ ಸಾಲುಸಾಲಾಗಿ ಕೂತಿರುತ್ತವೆ, ಅದಕ್ಕೇ ಒಳಗಿನ ಲೂಪ್ ಎಕ್ಸ್ (ಅಡ್ಡಸಾಲು) ಮೇಲಿರಲಿ, ವೈ (ಮೇಲಿಂದ ಕೆಳಕ್ಕೆ) ಮೇಲಿದ್ದರೆ ಪ್ರೊಸೆಸರ್ 64 ಬೈಟಿನ ಕ್ಯಾಶ್ ಲೈನ್ (ಮೆಮೊರಿಯಿಂದ ಒಮ್ಮೆಗೆ ತರುವ ತುಂಡು) ತಂದು ಒಂದೇ ಪಿಕ್ಸೆಲ್ ಓದಿ ಮುಂದೆ ಹಾರುತ್ತದೆ ಅಂತ. ಈಗ ಸ್ಲೈಡರ್ ಎಳೆದ ತಕ್ಷಣ ಪ್ರಿವ್ಯೂ ಬದಲಾಗುತ್ತದೆ. ನಿಮ್ಮ ಹೆಸರಾದರೂ ಹೇಳಬಹುದಿತ್ತು ಅಲ್ವಾ?